ಗೀಸರ್ ಕಾಯಿಲ್ ಪದೇ ಪದೇ ಹೋಗುತ್ತಿದೆ, ಇದು ಗಡಸು ನೀರಿನ ಕೆಲಸವೇ?

ಪ್ರಶ್ನೆ: ನಮ್ಮ ನಲ್ಲಿ ನೀರು ಗಡಸು. ನಲ್ಲಿ, ಶವರ್, ಗಾಜು ಎಲ್ಲದರ ಮೇಲೂ ಬಿಳಿ ಕಲೆ. ಮೂರು ವರ್ಷದಲ್ಲಿ ಗೀಸರ್ ಕಾಯಿಲ್ ಎರಡು ಸಲ ಹೋಯಿತು. ಫಿಲ್ಟರ್ ಮಾರಲು ಬಂದವರು ನೀರಿಗೆ ಮೀಟರ್ ಅದ್ದಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) 480 ಇದೆ ಅಂದರು. ಇಡೀ ಮನೆಗೆ ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಹಾಕಿಸದಿದ್ದರೆ ವಾಷಿಂಗ್ ಮೆಷಿನ್, ಡಿಶ್‌ವಾಷರ್ ಎಲ್ಲ ಬೇಗ ಕೆಡುತ್ತವಂತೆ, ಕರೆಂಟ್ ಬಿಲ್ಲೂ ಏರುತ್ತದಂತೆ. ಇದರಲ್ಲಿ ಎಷ್ಟು ನಿಜ? ನಾನು ಏನು ಮಾಡಬೇಕು?

ಉತ್ತರ: ಮೊದಲು ಆ ಮೀಟರ್ ವಿಚಾರ ಮುಗಿಸಿಬಿಡೋಣ, ಯಾಕೆಂದರೆ ಮಾತು ದಾರಿ ತಪ್ಪುವುದೇ ಅಲ್ಲಿಂದ. ಟಿಡಿಎಸ್ ಮೀಟರ್ ಗಡಸುತನವನ್ನು ಅಳೆಯುವುದಿಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನಷ್ಟೇ ಅದು ನೋಡುತ್ತದೆ. ಕರಗಿದ್ದು ಅಡುಗೆ ಉಪ್ಪಾಗಲಿ, ಸುಣ್ಣವಾಗಲಿ, ಎಲ್ಲವನ್ನೂ ಒಂದೇ ಗುಡ್ಡೆ ಹಾಕಿ ಒಂದು ಸಂಖ್ಯೆ ತೋರಿಸುತ್ತದೆ. ಎರಡು ಮನೆಯಲ್ಲಿ 480 ಬಂದರೂ ಒಂದರಲ್ಲಿ ಸೋಪು ಚೆನ್ನಾಗಿ ನೊರೆ ಬರಬಹುದು, ಇನ್ನೊಂದರಲ್ಲಿ ಎಷ್ಟು ಉಜ್ಜಿದರೂ ಬರದೇ ಇರಬಹುದು.

ತಮಾಷೆ ಏನು ಗೊತ್ತಾ? ಸಾಫ್ಟ್‌ನರ್ ಹಾಕಿಸಿದ ಮೇಲೆ ಅದೇ ಮೀಟರನ್ನು ಅದೇ ನಲ್ಲಿಯ ನೀರಿಗೆ ಅದ್ದಿ ನೋಡಿ, ಆಗಲೂ 480ರ ಆಸುಪಾಸಿನಲ್ಲೇ ಇರುತ್ತದೆ. ಸಾಫ್ಟ್‌ನರ್ ನೀರಿನ ಲವಣವನ್ನು ಕಮ್ಮಿ ಮಾಡುವುದಿಲ್ಲ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕೊಡುತ್ತದೆ ಅಷ್ಟೇ. ಮಾರಲು ಬಂದವರು ಯಾವ ಮೀಟರ್ ತೋರಿಸಿ ಹೆದರಿಸಿದರೋ, ಅವರ ಮೆಷಿನ್ನು ಆ ಮೀಟರಿನಲ್ಲೇ ಪಾಸಾಗುವುದಿಲ್ಲ.

ಹಾಗಾದರೆ ಅಳೆಯಬೇಕಾದ್ದು ಏನು? ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಮಾತಿನಲ್ಲಿ ನಾವು ಇಂಥ ನೀರನ್ನು ಉಪ್ಪು ನೀರು ಅಂದುಬಿಡುತ್ತೇವೆ, ಆದರೆ ಗೀಸರಿನಲ್ಲಿ ಕಲ್ಲು ಕಟ್ಟುವುದಕ್ಕೂ ಅಡುಗೆ ಉಪ್ಪಿಗೂ ಸಂಬಂಧ ಇಲ್ಲ. ಈ ಎರಡನ್ನೂ ಸೇರಿಸಿ, ಅಷ್ಟೂ ಕ್ಯಾಲ್ಸಿಯಂ ಕಾರ್ಬೊನೇಟ್ ಅಂತ ಲೆಕ್ಕ ಹಿಡಿದು, ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಹೇಳುವುದು ರೂಢಿ. ಸಾಮಾನ್ಯವಾಗಿ ಬಳಸುವ ವಿಂಗಡಣೆ ಹೀಗಿದೆ: 60ರ ತನಕ ಮೆದು ನೀರು, 120ರ ತನಕ ಸ್ವಲ್ಪ ಗಡಸು, 180ರ ತನಕ ಗಡಸು, ಅದಕ್ಕಿಂತ ಮೇಲೆ ತುಂಬ ಗಡಸು. ಮೆಷಿನ್‌ಗಳ ಕೈಪಿಡಿಯಲ್ಲಿ ಬೇರೆ ಬೇರೆ ಅಳತೆ ಇರುತ್ತದೆ. ಒಂದು ಜರ್ಮನ್ ಡಿಗ್ರಿ ಅಂದರೆ 17.8 ಮಿಲಿಗ್ರಾಂ, ಒಂದು ಫ್ರೆಂಚ್ ಡಿಗ್ರಿ ಅಂದರೆ 10, ಗ್ಯಾಲನ್‌ಗೆ ಒಂದು ಗ್ರೇನ್ ಅಂತ ಇದ್ದರೆ 17.1. ಇಷ್ಟು ಗೊತ್ತಿದ್ದರೆ ಯಾವ ಕೈಪಿಡಿಯನ್ನೂ ಓದಬಹುದು.

ಅಳೆಯುವುದು ಸುಲಭ. ಅದ್ದಿ ತೆಗೆದರೆ ಬಣ್ಣ ಬದಲಾಗುವ ಕಾಗದದ ಪಟ್ಟಿ ಸಿಗುತ್ತದೆ, ಅಂದಾಜಿಗೆ ಸಾಕು. ಅದಕ್ಕಿಂತ ಒಳ್ಳೆಯದು ಹನಿ ಹಾಕುವ ಕಿಟ್. ನೀರಿಗೆ ಒಂದು ಬಣ್ಣ ಹಾಕಿ, ಆಮೇಲೆ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಾ ಹೋಗುವುದು. ಕೆಂಪಗಿದ್ದ ನೀರು ನೀಲಿಗೆ ತಿರುಗುವ ತನಕ ಎಷ್ಟು ಹನಿ ಬೇಕಾಯಿತು ಅನ್ನುವುದರಲ್ಲಿ ಉತ್ತರ ಇರುತ್ತದೆ. ಏನೂ ಇಲ್ಲದಿದ್ದರೆ ಒಂದು ಬಾಟಲಿಯಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಡಿಸ್ಟಿಲ್ಡ್ ನೀರು ತಗೊಂಡು, ಎರಡಕ್ಕೂ ಒಂದೇ ಅಳತೆಯ ಸೋಪಿನ ಚೂರು ಹಾಕಿ ಜೋರಾಗಿ ಅಲ್ಲಾಡಿಸಿ. ನಿಮ್ಮದರಲ್ಲಿ ನೊರೆ ಕಟ್ಟದೆ ಮೊಸರೊಡೆದ ಹಾಗೆ ಬಿಳಿ ಕೆನೆ ತೇಲಿದರೆ ಗಡಸು ಅಂತ ಖಾತ್ರಿ. ಡಿಟರ್ಜೆಂಟ್ ಬೇಡ, ಸೋಪೇ ಬೇಕು. ಡಿಟರ್ಜೆಂಟ್ ಗಡಸು ನೀರಿನಲ್ಲೂ ಸುಮಾರಾಗಿ ನೊರೆ ಕೊಟ್ಟು ಮೋಸ ಮಾಡುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗಡಸು ನೀರು ತಣ್ಣಗಿದ್ದಾಗ ಹೆಚ್ಚುಕಡಿಮೆ ಸಾಧು. ಅದರ ತಂಟೆ ಎಲ್ಲ ಬಿಸಿ ಮಾಡಿದಾಗ.

ಮಳೆ ನೀರು ಗಾಳಿಯಿಂದ, ಅದಕ್ಕಿಂತ ಜಾಸ್ತಿ ಮಣ್ಣಿನಿಂದ, ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ನೆಲದೊಳಗೆ ಇಳಿಯುವಾಗ ದಾರಿಯಲ್ಲಿ ಸಿಕ್ಕ ಸುಣ್ಣಕಲ್ಲನ್ನು ಕರಗಿಸಿಕೊಂಡು ಬೈಕಾರ್ಬೊನೇಟ್ ರೂಪದಲ್ಲಿ ಹೊತ್ತು ತರುತ್ತದೆ. ನಾವು ಅದನ್ನು ಕಾಯಿಸಿದಾಗ ಅನಿಲ ಹಾರಿಹೋಗುತ್ತದೆ, ಕಲ್ಲು ಮತ್ತೆ ಕಲ್ಲಾಗುತ್ತದೆ. ಸಕ್ಕರೆ ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತದೆ ಅಲ್ವಾ? ಈ ಸುಣ್ಣದ್ದು ತದ್ವಿರುದ್ಧ. ಬಿಸಿ ಏರಿದಷ್ಟೂ ಕರಗುವುದು ಕಮ್ಮಿ. ಹಾಗಾಗಿ ಅದು ಟ್ಯಾಂಕಿನಲ್ಲಿ ಎಲ್ಲೋ ಒಂದು ಕಡೆ ಕೂರುವುದಿಲ್ಲ, ಎಲ್ಲಕ್ಕಿಂತ ಬಿಸಿಯಾದ ಜಾಗವನ್ನೇ ಹುಡುಕಿಕೊಂಡು ಕೂರುತ್ತದೆ. ಆ ಜಾಗ ನಿಮ್ಮ ಕಾಯಿಲ್.

ಹೀಗೆ ಕಾಯಿಸಿದರೆ ಹೋಗುವುದನ್ನು ತಾತ್ಕಾಲಿಕ ಗಡಸುತನ ಅಂತ ಶಾಲೆಯಲ್ಲಿ ಓದಿರುತ್ತೀರಿ. ಸಲ್ಫೇಟ್, ಕ್ಲೋರೈಡ್ ಜೊತೆ ಇರುವುದು ಶಾಶ್ವತ ಗಡಸುತನ, ಅದು ಕುದಿಸಿದರೂ ಹೋಗಲ್ಲ. ಗೀಸರಿಗೆ ಕಾಟ ಕೊಡುವುದು ಬಹುಮಟ್ಟಿಗೆ ತಾತ್ಕಾಲಿಕದ್ದು. ಹೆಸರು ನೋಡಿ ಮೋಸ ಹೋಗಬೇಡಿ.

ಒಂದು ಲೆಕ್ಕ ಹಾಕೋಣ. ನಿಮ್ಮ ನೀರು 300 ಮಿಲಿಗ್ರಾಂ ಅಂತಿಟ್ಟುಕೊಳ್ಳಿ. ದಿನಕ್ಕೆ 100 ಲೀಟರ್ ಗೀಸರಿನ ಮೂಲಕ ಹೋದರೆ 30 ಗ್ರಾಂ ಸುಣ್ಣ ಹಾದುಹೋಗುತ್ತದೆ. ವರ್ಷಕ್ಕೆ ಸುಮಾರು 11 ಕಿಲೋ! ಗಾಬರಿ ಬೇಡ, ಇದರಲ್ಲಿ ಬಹುಪಾಲು ನಿಮ್ಮ ಮೈಮೇಲಿಂದ ಇಳಿದು ಚರಂಡಿಗೆ ಹೋಗುತ್ತದೆ. ಒಳಗೆ ಎಷ್ಟು ಉಳಿಯುತ್ತದೆ ಅನ್ನುವುದು ಮುಖ್ಯವಾಗಿ ಬಿಸಿಯನ್ನು ಅವಲಂಬಿಸಿದೆ. 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಲ್ಲು ಕಟ್ಟುವ ವೇಗ ಚೆನ್ನಾಗಿ ಏರುತ್ತದೆ. ಗುಂಡಿಯನ್ನು ಕೊನೆಯ ತನಕ ತಿರುಗಿಸಿ, ಆಮೇಲೆ ತಣ್ಣೀರು ಬೆರೆಸಿಕೊಂಡು ಸ್ನಾನ ಮಾಡುವವರು ಸುಮ್ನೆ ಕಲ್ಲು ಬೆಳೆಸುತ್ತಿದ್ದಾರೆ. ಹಾಗಂತ ಯಾವಾಗಲೂ ಆನ್ ಇರುವ ಟ್ಯಾಂಕನ್ನು 40ಕ್ಕೆ ಇಳಿಸುವುದೂ ತಪ್ಪು, ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾಕ್ಕೆ ಆ ಉಗುರುಬೆಚ್ಚಗಿನ ನೀರು ಬಹಳ ಇಷ್ಟ. 60ರಲ್ಲಿ ನಿಲ್ಲಿಸಿ. ಎರಡೂ ಕಡೆಗೆ ಅದು ಒಪ್ಪುವ ಜಾಗ.

ಇನ್ನು ಕರೆಂಟ್ ಬಿಲ್. ಸುಣ್ಣ ಕಟ್ಟಿದರೆ ಬಿಲ್ಲು ವಿಪರೀತ ಏರುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ. ಎಲೆಕ್ಟ್ರಿಕ್ ಗೀಸರ್ ಮಟ್ಟಿಗೆ ಈ ಮಾತು ನನಗೆ ಒಪ್ಪಿಗೆ ಇಲ್ಲ. ಕಾಯಿಲ್ ನೀರಿನೊಳಗೇ ಮುಳುಗಿದೆ. ಅದು ಸುಡುವ 2 ಕಿಲೋವಾಟ್ ಬೇರೆಲ್ಲಿಗೆ ಹೋಗಬೇಕು? ಪದರ ಎಷ್ಟೇ ದಪ್ಪ ಇರಲಿ, ಬಿಸಿ ತಡವಾಗಿಯಾದರೂ ನೀರಿಗೇ ಸೇರಬೇಕು. ಹಾಗಾಗಿ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಏಟು ಬೀಳುವುದು ಕಾಯಿಲ್‌ಗೆ. ಲೋಹದ ಕೊಳವೆಯ ಒಳಗೆ ಮೆಗ್ನೀಸಿಯಂ ಆಕ್ಸೈಡ್ ಪುಡಿ, ಅದರ ನಡುವೆ ತೆಳ್ಳಗಿನ ತಂತಿ, ಇಷ್ಟೇ ಕಾಯಿಲ್ ಅಂದರೆ. ಹೊರಗೆ ಕಲ್ಲಿನ ಕಂಬಳಿ ಹೊದ್ದುಕೊಂಡರೆ ಬಿಸಿ ಬೇಗ ಹೊರಬರದೆ ಒಳಗಿನ ತಂತಿ ಮಾಮೂಲಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಒಂದು ದಿನ ತಂತಿ ತುಂಡಾಗುತ್ತದೆ, ಇಲ್ಲವೇ ಕೊಳವೆ ಬಿರುಕು ಬಿಟ್ಟು ನೀರು ಒಳಗೆ ಹೋಗಿ ಟ್ರಿಪ್ ಆಗುತ್ತದೆ. ಗ್ಯಾಸ್ ಗೀಸರಿನ ಕಥೆ ಬೇರೆ. ಅಲ್ಲಿ ಉರಿ ಹೊರಗಿದೆ, ನೀರು ಕೊಳವೆಯ ಒಳಗಿದೆ. ನಡುವೆ ಪದರ ಬಂದರೆ ನೀರಿಗೆ ಸೇರದ ಬಿಸಿ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಅಲ್ಲಿ ಇಂಧನ ನಿಜವಾಗಿಯೂ ಪೋಲು.

ಗೀಸರ್ ಕಾಯುವಾಗ ಟಪ್ ಟಪ್, ಗೊರ್ ಗೊರ್ ಅಂತ ಸದ್ದು ಬರುತ್ತಾ? ಅದು ಪದರದ ಸಂದಿನಲ್ಲಿ ಸಿಕ್ಕಿಕೊಂಡ ನೀರು ಆವಿಯಾಗಿ ಒಡೆಯುವ ಸದ್ದು. ತಳದಲ್ಲಿ ಚಕ್ಕೆಗಳ ರಾಶಿ ಬಿದ್ದಿದೆ ಅಂತ ಅರ್ಥ. ಆ ಚಕ್ಕೆ, ಟ್ಯಾಂಕಿನೊಳಗೆ ಒತ್ತಡ ಮಿತಿ ಮೀರಿದಾಗ ಹೊರಬಿಡುವ ಪ್ರೆಶರ್ ರಿಲೀಫ್ ವಾಲ್ವಿನ ಬಾಯಿಗೆ ಸಿಕ್ಕಿಕೊಂಡರೆ ಅದು ಬರೀ ಖರ್ಚಿನ ವಿಷಯ ಅಲ್ಲ, ಅಪಾಯದ ವಿಷಯ. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸುವಾಗ ಆ ವಾಲ್ವನ್ನು ಪರೀಕ್ಷಿಸಲು ಹೇಳಿ.

ಆದರೆ ನಿಮ್ಮ ಕಾಯಿಲ್ ಎರಡು ಸಲ ಹೋಗಿದ್ದು ಗಡಸು ನೀರಿನಿಂದಲೇ ಅಂತ ಇಷ್ಟರಿಂದಲೇ ಹೇಳಲಾರೆ. ಬಿಚ್ಚಿದ ಕಾಯಿಲ್ ನೋಡಿದ್ರಾ? ಅದರ ಮುಖ ನೋಡಿದರೆ ಕಾರಣ ಗೊತ್ತಾಗುತ್ತದೆ. ಬೆರಳು ದಪ್ಪ ಬಿಳಿ ಕಲ್ಲು ಅಂಟಿಕೊಂಡಿದ್ದರೆ ಗಡಸುತನವೇ ಅಪರಾಧಿ. ಮೈ ಸುಮಾರು ಸ್ವಚ್ಛವಾಗಿದ್ದು ಅಲ್ಲಲ್ಲಿ ಸೂಜಿ ಚುಚ್ಚಿದಂಥ ತೂತು, ಕಂದು ಕಲೆ ಇದ್ದರೆ ಅದು ತುಕ್ಕು, ಲೋಹ ತಿಂದುಹೋಗಿದೆ. ತುಕ್ಕಿಗೆ ಸಾಫ್ಟ್‌ನರ್ ಮದ್ದಲ್ಲ. ಟ್ಯಾಂಕಿನಲ್ಲಿ ಆನೋಡ್ ರಾಡ್ ಅಂತ ಒಂದು ಮೆಗ್ನೀಸಿಯಂ ಸರಳು ಇರುತ್ತದೆ, ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಅದು ಪೂರ್ತಿ ಸವೆದ ಮೇಲೂ ಬದಲಿಸದಿದ್ದರೆ ಮುಂದಿನ ಸರದಿ ಟ್ಯಾಂಕಿನದು, ಕಾಯಿಲ್‌ನದು. ಮೆದು ಮಾಡಿದ ನೀರಿನಲ್ಲಂತೂ ಈ ಸರಳು ಇನ್ನೂ ಬೇಗ ಕರಗುತ್ತದೆ. ಅಂದರೆ ಕಾರಣ ತಿಳಿಯದೆ ಸಾಫ್ಟ್‌ನರ್ ಹಾಕಿಸಿದರೆ ಇದ್ದ ತೊಂದರೆ ಜಾಸ್ತಿ ಆಗುವ ಸಾಧ್ಯತೆಯೂ ಇದೆ. ಇನ್ನೊಂದು ಮಾಮೂಲಿ ಕಾರಣ, ಟ್ಯಾಂಕಿನಲ್ಲಿ ನೀರಿಲ್ಲದಾಗ ಸ್ವಿಚ್ ಹಾಕುವುದು. ಅದಕ್ಕೆ ನೀರು ಮೆದುವಾದರೇನು, ಗಡಸಾದರೇನು.

ವಾಷಿಂಗ್ ಮೆಷಿನ್ ಬಗ್ಗೆ ಅಷ್ಟೊಂದು ಚಿಂತೆ ಬೇಡ. ಹೀಟರ್ ಇಲ್ಲದ ಮೆಷಿನ್ನಿನಲ್ಲಿ ಕಲ್ಲು ಕಟ್ಟುವ ಬಿಸಿ ಜಾಗವೇ ಇಲ್ಲ. ಹೀಟರ್ ಇದ್ದರೂ 30-40 ಡಿಗ್ರಿಯಲ್ಲಿ ಒಗೆದರೆ ಪದರ ನಿಧಾನವಾಗಿ ಬೆಳೆಯುತ್ತದೆ. ಜೊತೆಗೆ ಪುಡಿಯಲ್ಲೇ ನೀರನ್ನು ಮೆದು ಮಾಡುವ ಜಿಯೋಲೈಟ್, ಸೋಡಾ, ಸಿಟ್ರೇಟ್‌ನಂಥ ವಸ್ತುಗಳು ಇರುತ್ತವೆ. ತೊಂದರೆ ಶುರುವಾಗುವುದು ಉಳಿತಾಯ ಅಂತ ಪುಡಿ ಕಮ್ಮಿ ಹಾಕಿದಾಗ. ಇದ್ದ ಅಷ್ಟಿಷ್ಟು ಪುಡಿ ಸುಣ್ಣದ ಜೊತೆ ಗುದ್ದಾಡುವುದರಲ್ಲೇ ಮುಗಿದುಹೋಗುತ್ತದೆ, ಕೊಳೆ ಬಟ್ಟೆಯಲ್ಲೇ ಉಳಿಯುತ್ತದೆ. ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುವುದು, ಟವೆಲ್ ಒರಟಾಗುವುದು ಇದರಿಂದ. ಎಷ್ಟು ಗಡಸಿಗೆ ಎಷ್ಟು ಪುಡಿ ಅಂತ ಪೊಟ್ಟಣದ ಹಿಂದೆ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಪ್ರತಿ ಸಲ ಒಗೆಯುವಾಗಲೂ ಒಂದೊಂದು ಸುಣ್ಣ ನಿವಾರಕ ಮಾತ್ರೆ ಹಾಕಿ ಅನ್ನುವುದು ನನ್ನ ಪ್ರಕಾರ ದಂಡ. ನೀರು ಬರುವ ಪೈಪಿನ ತುದಿಯಲ್ಲಿ ಒಂದು ಸಣ್ಣ ಜಾಲರಿ ಇದೆ, ಅದನ್ನು ಆಗಾಗ ಬಿಚ್ಚಿ ತೊಳೆಯಿರಿ. ನೀರು ತುಂಬುವುದು ನಿಧಾನ ಆಗಿದೆ ಅಂತ ಬರುವ ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ.

ಡಿಶ್‌ವಾಷರ್ ಮಾತ್ರ ನಿಜಕ್ಕೂ ಸೂಕ್ಷ್ಮ. ಅದು 50-70 ಡಿಗ್ರಿ ತನಕ ಕಾಯುತ್ತದೆ. ಅದಕ್ಕೇ ಹೆಚ್ಚಿನ ಮಾದರಿಗಳ ಹೊಟ್ಟೆಯಲ್ಲೇ ಒಂದು ಪುಟ್ಟ ಸಾಫ್ಟ್‌ನರ್ ಕೂರಿಸಿರುತ್ತಾರೆ. ತಳದಲ್ಲಿ ಉಪ್ಪು ತುಂಬುವುದು ಇದಕ್ಕಾಗಿಯೇ, ಪಾತ್ರೆ ತೊಳೆಯುವುದಕ್ಕಲ್ಲ. ನಿಮ್ಮ ನೀರಿನ ಗಡಸುತನ ಇಷ್ಟು ಅಂತ ಮೆಷಿನ್ನಿಗೆ ಒಮ್ಮೆ ಹೇಳಿಕೊಡಬೇಕು, ಆ ಸೆಟ್ಟಿಂಗ್ ಕಾರ್ಖಾನೆಯಿಂದ ಬಂದ ಹಾಗೇ ಬಿಟ್ಟಿರುವ ಮನೆಗಳೇ ಜಾಸ್ತಿ. ಟೇಬಲ್ ಉಪ್ಪು ಹಾಕಬೇಡಿ, ಅದು ನುಣ್ಣಗಿದ್ದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಉದುರುದುರಾಗಿ ಇರಲಿ ಅಂತ ಬೆರೆಸಿದ ವಸ್ತುಗಳೂ ಅದರಲ್ಲಿ ಇರುತ್ತವೆ. ಗಾಜಿನ ಲೋಟ ಮಸುಕಾಗಿದ್ದರೆ ಒಂದು ಹನಿ ವಿನೆಗರ್ ಹಚ್ಚಿ ಉಜ್ಜಿ. ಮಸುಕು ಹೋದರೆ ಸುಣ್ಣ, ಉಪ್ಪು ಮತ್ತು ಸೆಟ್ಟಿಂಗ್ ನೋಡಿಕೊಳ್ಳಿ. ಹೋಗದಿದ್ದರೆ ಗಾಜೇ ಸವೆದಿದೆ. ಅದು ಉಲ್ಟಾ ಕಾಯಿಲೆ, ನೀರು ವಿಪರೀತ ಮೆದುವಾಗಿ ಬಿಸಿ ಜಾಸ್ತಿಯಾದರೆ ಬರುವುದು, ಅದಕ್ಕೆ ರಿಪೇರಿ ಇಲ್ಲ.

ಇಸ್ತ್ರಿಪೆಟ್ಟಿಗೆ ಸ್ಟೀಮಿನದ್ದಾದರೆ ಕೈಪಿಡಿ ನೋಡಿ. ಕೆಲವು ಡಿಸ್ಟಿಲ್ಡ್ ನೀರನ್ನೇ ಕೇಳುತ್ತವೆ, ಕೆಲವು ನಲ್ಲಿ ನೀರಿನ ಜೊತೆ ಬೆರೆಸಿ ಅನ್ನುತ್ತವೆ.

ಆರ್‌ಒ ಮೆಷಿನ್ ಇದ್ದರೆ ಒಂದು ಮಾತು. ಅದು ಹೊರಗೆ ಬಿಡುವ ನೀರನ್ನು ಉಳಿಸಿ ಬಳಸುವುದು ಒಳ್ಳೆಯ ಅಭ್ಯಾಸ, ಆದರೆ ಆ ನೀರು ಮೂಲ ನೀರಿಗಿಂತ ಗಡಸು. ನಾಲ್ಕು ಲೀಟರ್ ಒಳಗೆ ಹೋಗಿ ಒಂದು ಲೀಟರ್ ಕುಡಿಯಲು ಬಂದರೆ, ನಾಲ್ಕು ಲೀಟರಿನ ಸುಣ್ಣ ಹೆಚ್ಚುಕಡಿಮೆ ಪೂರ್ತಿ ಉಳಿದ ಮೂರು ಲೀಟರಿನಲ್ಲಿ ಇರುತ್ತದೆ. 300 ಇದ್ದದ್ದು 400 ಆಯಿತು. ಶೌಚಾಲಯಕ್ಕೆ ಸುರಿಯಿರಿ, ಕಾಯಿಸುವ ಯಾವುದಕ್ಕೂ ಬೇಡ.

ಕಟ್ಟಿದ ಕಲ್ಲು ತೆಗೆಯುವುದು ಹೇಗೆ? ಕೆಟಲ್‌ಗೆ ಸಿಟ್ರಿಕ್ ಆಸಿಡ್ ಸಾಕು. ಲೀಟರ್ ನೀರಿಗೆ ಸುಮಾರು ಎರಡು ದೊಡ್ಡ ಚಮಚ, ಅರ್ಧದಿಂದ ಒಂದು ಗಂಟೆ ಬಿಡಿ. ಎಲ್ಲರೂ ಮಾಡುವ ತಪ್ಪು ಅದನ್ನು ಹಾಕಿ ಕುದಿಸುವುದು. ಬಿಸಿ ಜಾಸ್ತಿಯಾದರೆ ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವ ಇನ್ನೊಂದು ಬಿಳಿ ಪದರ ಕೂರುತ್ತದೆ, ಸುಣ್ಣಕ್ಕಿಂತ ಹಟಮಾರಿ ಅದು. ಉಗುರುಬೆಚ್ಚಗಿದ್ದರೆ ಸಾಕು. ಗುಳ್ಳೆ ಎದ್ದರೆ ಸುಣ್ಣ ಕರಗುತ್ತಿದೆ ಅಂತ. ಗುಳ್ಳೆಯೇ ಬರದಿದ್ದರೆ ಸಿಲಿಕಾ ಅಥವಾ ಜಿಪ್ಸಮ್ ಇರಬಹುದು, ಅವು ಹುಳಿಗೆ ಬಗ್ಗುವುದಿಲ್ಲ. ವಿನೆಗರ್ ಕೂಡ ಆಗುತ್ತದೆ, ಆದರೆ ವಾಷಿಂಗ್ ಮೆಷಿನ್ನಿನಲ್ಲಿ ಪದೇ ಪದೇ ಬಳಸಿದರೆ ರಬ್ಬರ್ ಹಾಳಾಗುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಸ್ಟೀಲ್ ಹತ್ತಿರ ಹೋಗಲೇಬಾರದು, ಅದರ ಕ್ಲೋರೈಡ್ ಸ್ಟೀಲಿಗೆ ತೂತು ಕೊರೆಯುತ್ತದೆ. ಯಾವ ಹುಳಿಯನ್ನೂ ಬ್ಲೀಚ್ ಜೊತೆ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಇದು ತಮಾಷೆ ಅಲ್ಲ.

ಈಗ ಸಾಫ್ಟ್‌ನರ್ ಬೇಕಾ ಬೇಡ್ವಾ ಅನ್ನೋದು. ಅದು ಕೆಲಸ ಮಾಡುವ ಸಾಧನವೇ, ಅದರಲ್ಲಿ ಅನುಮಾನ ಇಲ್ಲ. ಒಳಗೆ ಸಣ್ಣ ಮಣಿಗಳಂಥ ರೆಸಿನ್ ಇರುತ್ತದೆ. ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತದೆ. ಮಣಿ ತುಂಬಿಹೋದಾಗ ಉಪ್ಪು ನೀರು ಹಾಯಿಸಿ ಮತ್ತೆ ಸಜ್ಜು ಮಾಡಬೇಕು. ಗಡಸುತನದ ಪ್ರತಿ ಒಂದು ಮಿಲಿಗ್ರಾಂಗೆ 0.46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. 300 ಇದ್ದ ನೀರು ಪೂರ್ತಿ ಮೆದುವಾದರೆ ಲೀಟರಿಗೆ 138 ಮಿಲಿಗ್ರಾಂ ಹೊಸ ಸೋಡಿಯಂ. ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿರುವವರು, ಪುಟ್ಟ ಮಕ್ಕಳು ಇರುವ ಮನೆಯಲ್ಲಿ ಕುಡಿಯುವ ನೀರಿನ ನಲ್ಲಿಯನ್ನು ಸಾಫ್ಟ್‌ನರ್‌ನಿಂದ ಹೊರಗಿಡಬೇಕು. ಗಿಡಗಳಿಗೂ ಈ ನೀರು ಒಗ್ಗುವುದಿಲ್ಲ. ಅಂದಹಾಗೆ ಗಡಸು ನೀರು ಕುಡಿದರೆ ಏನಾದರೂ ಆಗುತ್ತದೆ ಅಂತ ಹೆದರಿಸಿದರೆ ನಂಬಬೇಡಿ, ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣಕ್ಕೆ ಗಡಸುತನಕ್ಕೆ ಯಾವ ಮಿತಿಯನ್ನೂ ಇಟ್ಟಿಲ್ಲ.

ಸುಣ್ಣ ಕಟ್ಟದಿರಲಿ ಅಂತ ಪೈಪಿಗೆ ಕಟ್ಟುವ ಮ್ಯಾಗ್ನೆಟ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದರ ಪರೀಕ್ಷೆಗಳಲ್ಲಿ ಒಂದು ಕಡೆ ಬಂದ ಫಲ ಇನ್ನೊಂದು ಕಡೆ ಬಂದಿಲ್ಲ. ನಾನಂತೂ ಹಾಕಿಸಿಕೊಳ್ಳಲ್ಲ. ಫಾಸ್ಫೇಟ್ ತುಂಬಿದ ಕಾರ್ಟ್ರಿಜ್ ತಕ್ಕಮಟ್ಟಿಗೆ ಸರಿ, ಬಿಸಿ ಜಾಸ್ತಿಯಾದ ಕಡೆ ಅದರ ಶಕ್ತಿ ಕುಗ್ಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಹನಿ ಕಿಟ್ ತಂದು ಗಡಸುತನ ನೋಡುತ್ತಿದ್ದೆ. 120ರ ಒಳಗೆ ಬಂದರೆ ಸಾಫ್ಟ್‌ನರ್ ಮಾತೇ ಬೇಡ, ಕಾಯಿಲ್ ಹೋಗುತ್ತಿರುವುದಕ್ಕೆ ಬೇರೆ ಕಾರಣ ಹುಡುಕಬೇಕು. 120ರಿಂದ 250ರ ನಡುವೆ ಇದ್ದರೆ ಗೀಸರ್ 60ಕ್ಕೆ ಇಳಿಸಿ, ವರ್ಷಕ್ಕೊಮ್ಮೆ ಬಿಚ್ಚಿಸಿ ಕಲ್ಲು ತೆಗೆಸಿ, ಆನೋಡ್ ನೋಡಿಸುತ್ತಿದ್ದೆ. 300 ದಾಟಿದ್ದು ಕಾಯಿಲ್ ಮೇಲೂ ದಪ್ಪ ಕಲ್ಲು ಇದ್ದರೆ ಸಾಫ್ಟ್‌ನರ್ ಹಾಕಿಸುತ್ತಿದ್ದೆ, ಆದರೆ ಇಡೀ ಮನೆಗಲ್ಲ, ಗೀಸರಿಗೆ ಹೋಗುವ ಪೈಪಿಗೆ ಮಾತ್ರ. ಗಿಡಕ್ಕೆ, ಶೌಚಾಲಯಕ್ಕೆ, ನೆಲ ಒರೆಸುವುದಕ್ಕೆ ಮೆದು ನೀರು ಯಾಕೆ? ಗೀಸರ್ ಪೈಪಿಗೆ ಮಾತ್ರ ಅಂದರೆ ಯಂತ್ರ ಚಿಕ್ಕದು ಸಾಕು, ಉಪ್ಪೂ ಕಮ್ಮಿ, ಕುಡಿಯುವ ನೀರೂ ಹಾಗೇ ಉಳಿಯುತ್ತದೆ. ಪೈಪ್ ಬೇರ್ಪಡಿಸುವುದು ಕಷ್ಟ ಅಂತ ಹೇಳುವವರು ಇರುತ್ತಾರೆ. ಕೆಲವು ಮನೆಗಳಲ್ಲಿ ನಿಜಕ್ಕೂ ಕಷ್ಟ. ಬಹಳಷ್ಟು ಕಡೆ ಗೀಸರಿನ ಕೆಳಗೇ ಜಾಗ ಇರುತ್ತದೆ.

ಬಿಳಿ ಕಲೆ ವಿಷಯ ಉಳಿಯಿತು. ನೀರು ಆರಿದ ಕಡೆ ಅದರಲ್ಲಿ ಕರಗಿದ್ದೆಲ್ಲ ಉಳಿಯುತ್ತದೆ, ಸಾಫ್ಟ್‌ನರ್ ಹಾಕಿಸಿದರೂ ಕಲೆ ಬಂದೇ ಬರುತ್ತದೆ, ಒದ್ದೆ ಬಟ್ಟೆಗೆ ಸುಲಭವಾಗಿ ಹೋಗುತ್ತದೆ ಅಷ್ಟೇ ವ್ಯತ್ಯಾಸ. ಶವರ್ ತಲೆಯನ್ನು ಬಿಚ್ಚಿ ಸಿಟ್ರಿಕ್ ಆಸಿಡ್ ನೀರಿನಲ್ಲಿ ನೆನೆಹಾಕಿ. ನಲ್ಲಿಯ ತುದಿಯ ಜಾಲರಿಗೂ ಅದೇ. ಪಕ್ಕದಲ್ಲಿ ಅಮೃತಶಿಲೆ ಇದ್ದರೆ ಮಾತ್ರ ಹುಷಾರು, ಅದೂ ಸುಣ್ಣವೇ, ಹುಳಿ ಬಿದ್ದ ಕಡೆ ಹೊಳಪು ಹೋಗುತ್ತದೆ. ಗಾಜಿಗೆ ಸ್ನಾನ ಮುಗಿದ ಕೂಡಲೇ ಒಂದು ವೈಪರ್ ಎಳೆಯುವುದಕ್ಕಿಂತ ಒಳ್ಳೆಯ ಉಪಾಯ ನನಗಂತೂ ಇನ್ನೂ ಸಿಕ್ಕಿಲ್ಲ.